ಗಲ್ಲಾದರೆ ಅಮ್ಮನಿಗೆ ನೆಮ್ಮದಿ ಸಿಗುತ್ತದೆಯೇ?

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ನನ್ನ ತಂಗಿಯ ಕೊಲೆಯಾಯಿತು. ಕಳೆದ ತಿಂಗಳು ಸೆಷನ್ಸ್ ನ್ಯಾಯಾಲಯ ಅಪರಾಧಿಗೆ ಮರಣದಂಡನೆ ವಿಧಿಸಿದೆ. ಅಂದು ಓಣಿಯವರೂ ನೆಂಟರೂ ಬಂದು, ‘ಇನ್ನು ಅವಳ ಆತ್ಮಕ್ಕೆ ಶಾಂತಿ ಸಿಕ್ಕಂಗಾತು’ ಎಂದು ಹೇಳಿ ಹೋದರು. ಅಮ್ಮ ಮಾತ್ರ ಆ ದಿನದಿಂದ ಮೊದಲಿಗಿಂತ ಮೌನವಾಗಿದ್ದಾಳೆ. ದಿನಕ್ಕೊಮ್ಮೆಯಾದರೂ ‘ಯಾವತ್ತ ಹಾಕ್ತಾರಂತ?’ ಎಂದು ಕೇಳುತ್ತಾಳೆ. ಅವನಿಗೆ ಗಲ್ಲಾದರೆ ಅವಳಿಗೆ ನಿಜವಾಗಿಯೂ ನೆಮ್ಮದಿ ಸಿಗುತ್ತದೆಯೇ? (ಹಾವೇರಿ ಜಿಲ್ಲೆಯ ಓದುಗರು, ಹೆಸರು ಬೇಡವೆಂದಿದ್ದಾರೆ.)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ನೀವು ಕೇಳಿರುವುದು ‘ನೆಮ್ಮದಿ ಸಿಗುತ್ತದೆಯೇ’ ಎಂದು. ನಿಮ್ಮ ತಾಯಿಯವರು ಕೇಳುತ್ತಿರುವುದು ‘ಯಾವತ್ತು’ ಎಂದು. ಅವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಬಹುಪಾಲು ಅದರೊಳಗೇ ಇದೆ. ನನ್ನ ನಿಲುವನ್ನೂ ಆರಂಭದಲ್ಲೇ ಹೇಳಿಬಿಡುವುದು ಪ್ರಾಮಾಣಿಕತೆಯ ದೃಷ್ಟಿಯಿಂದ ಒಳ್ಳೆಯದು. ಕ್ರಿಮಿನಲ್ ವಕೀಲಿಕೆಯಲ್ಲಿ ಆರೋಪಿಗಳ ಪರವಾಗಿಯೂ ಸತ್ತವರ ಮನೆಯವರ ಪರವಾಗಿಯೂ ನಿಂತವನು ನಾನು. ಮರಣದಂಡನೆ ಬೇಡವೆನ್ನುವ ಕಡೆಗೆ ನನ್ನ ಮನಸ್ಸು ವರ್ಷಗಳಿಂದ ವಾಲಿದೆ. ಆದರೆ ಆ ವಾದಕ್ಕೆ ನಿಮ್ಮ ಮನೆಯ ದುಃಖವನ್ನು ಸಾಕ್ಷಿಯಾಗಿ ಬಳಸಿಕೊಳ್ಳುವ ಉದ್ದೇಶ ನನಗಿಲ್ಲ.

ಸೆಷನ್ಸ್ ನ್ಯಾಯಾಲಯ ಕೊಟ್ಟ ಮರಣದಂಡನೆ, ಹೈಕೋರ್ಟ್ ಸ್ಥಿರೀಕರಿಸುವವರೆಗೆ ಜಾರಿಗೆ ಬರುವಂಥದ್ದಲ್ಲ. ಅಪರಾಧಿ ಮೇಲ್ಮನವಿ ಹಾಕಲಿ, ಬಿಡಲಿ, ಕಡತ ತಾನಾಗಿಯೇ ಹೈಕೋರ್ಟಿಗೆ ಹೋಗಲೇಬೇಕು. ನಿಮ್ಮ ಪ್ರಕರಣದಲ್ಲಿ ಅದು ಧಾರವಾಡ ಪೀಠಕ್ಕೆ ಹೋಗುತ್ತದೆ. ಅಲ್ಲಿ ಇಬ್ಬರು ನ್ಯಾಯಮೂರ್ತಿಗಳು ಸಾಕ್ಷ್ಯವನ್ನೆಲ್ಲ ಮತ್ತೆ ಮೊದಲಿನಿಂದ ತೂಗಿ ನೋಡುತ್ತಾರೆ. ಅಲ್ಲಿ ಸ್ಥಿರವಾದರೆ ಸುಪ್ರೀಂ ಕೋರ್ಟ್, ಅಲ್ಲಿಯೂ ಸೋತರೆ ಮರುಪರಿಶೀಲನಾ ಅರ್ಜಿ, ಆಮೇಲೆ ರಾಜ್ಯಪಾಲರಿಗೂ ರಾಷ್ಟ್ರಪತಿಗಳಿಗೂ ದಯಾ ಅರ್ಜಿ. ದಯಾ ಅರ್ಜಿ ತಿರಸ್ಕೃತವಾದ ಮೇಲೆ, ತಿರಸ್ಕರಿಸಲು ತಡವಾಯಿತೆಂಬ ಕಾರಣಕ್ಕೇ ಇನ್ನೊಂದು ಸುತ್ತು ನ್ಯಾಯಾಲಯಕ್ಕೆ ಹೋಗಲು ಅವಕಾಶವಿದ್ದುದನ್ನು ನಾವು ಕಂಡಿದ್ದೇವೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ದಯಾ ಅರ್ಜಿ ಸಲ್ಲಿಸುವುದಕ್ಕೆ ದಿನಗಳ ಮಿತಿ ಹಾಕಿದೆಯಾದರೂ, ರಾಷ್ಟ್ರಪತಿಗಳು ಇಂತಿಷ್ಟು ದಿನದೊಳಗೆ ತೀರ್ಮಾನಿಸಬೇಕೆಂಬ ಗಡುವು ಅದರಲ್ಲಿ ಇಲ್ಲ.

ಇಷ್ಟು ದೂರ ಸಾಗಿ ಕೊನೆಗೂ ಉಳಿಯುವ ಮರಣದಂಡನೆಗಳು ಎಷ್ಟು? ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದರ ಲೆಕ್ಕವಿದೆ. ಈ ಶತಮಾನದ ಮೊದಲ ಒಂದೂವರೆ ದಶಕದಲ್ಲಿ ಕೆಳ ನ್ಯಾಯಾಲಯಗಳು ಮರಣದಂಡನೆ ಕೊಟ್ಟು, ಮೇಲ್ಮನವಿಗಳೆಲ್ಲ ಮುಗಿದ ಪ್ರಕರಣಗಳಲ್ಲಿ ಶಿಕ್ಷೆ ಕೊನೆಯವರೆಗೆ ಉಳಿದದ್ದು ಶೇ. 4.9 ಜನರಿಗೆ ಮಾತ್ರ. ಮೂರರಲ್ಲಿ ಎರಡು ಪಾಲಿನಷ್ಟು ಮಂದಿಗೆ ಶಿಕ್ಷೆ ಜೀವಾವಧಿಗೆ ಇಳಿಯಿತು, ಶೇ. 30ರಷ್ಟು ಮಂದಿ ಬಿಡುಗಡೆಯೇ ಆದರು. ಹೀಗೆ ಉಳಿದ ಶಿಕ್ಷೆಗಳಲ್ಲೂ ಜಾರಿಯಾದವು ಬೆರಳೆಣಿಕೆಯಷ್ಟು: 2000ದಿಂದ ಈಚೆಗೆ ನಮ್ಮ ದೇಶದಲ್ಲಿ ನೇಣಿಗೇರಿದವರು ಒಟ್ಟು ಎಂಟು ಮಂದಿ. ಆದ್ದರಿಂದ ‘ಯಾವತ್ತು’ ಎಂಬ ಪ್ರಶ್ನೆಗೆ ಕಾನೂನು ಬಲ್ಲವನೊಬ್ಬ ಸುಳ್ಳು ಹೇಳದೆ ಕೊಡಬಹುದಾದ ಉತ್ತರ, ‘ಬಹಳ ವರ್ಷ ಹಿಡಿಯಬಹುದು, ಬಹುಶಃ ಎಂದೂ ಆಗಲಿಕ್ಕಿಲ್ಲ’ ಎಂಬುದೇ ಆಗಿದೆ. ತೀರ್ಪಿನ ದಿನ ಇದನ್ನು ನಿಮ್ಮ ಮನೆಯವರಿಗೆ ಯಾರಾದರೂ ಕೂತು ವಿವರಿಸಬೇಕಿತ್ತು. ಟಿ.ವಿ. ಕ್ಯಾಮೆರಾಗಳ ಮುಂದೆ ಅದನ್ನು ಯಾರೂ ಹೇಳುವುದಿಲ್ಲ.

ಒಂದು ಪ್ರಕರಣದ ದಾರಿಯನ್ನು ಹೇಳಿದರೆ ಇದು ಸ್ಪಷ್ಟವಾದೀತು. 1998ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಬ್ಬ ವಿಧವೆ ತನ್ನ ಮನೆಯಲ್ಲೇ ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. ಹೊರಗಿನಿಂದ ಮನೆಗೆ ಬಂದು ತಾಯಿಯನ್ನು ಆ ಸ್ಥಿತಿಯಲ್ಲಿ ಕಂಡದ್ದು ಅವರ ಏಳು ವರ್ಷದ ಮಗ. ಅಪರಾಧಿ ಉಮೇಶ್ ರೆಡ್ಡಿಗೆ 2006ರಲ್ಲಿ ಮರಣದಂಡನೆಯಾಯಿತು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಶಿಕ್ಷೆಯ ಬಗ್ಗೆ ಒಮ್ಮತ ಮೂಡದೆ ಪ್ರಕರಣ ಮೂರನೆಯವರ ಮುಂದೆ ಹೋಗಿ, 2009ರಲ್ಲಿ ಶಿಕ್ಷೆ ಸ್ಥಿರವಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2013ರಲ್ಲಿ ರಾಷ್ಟ್ರಪತಿಗಳು ದಯಾ ಅರ್ಜಿಯನ್ನು ತಿರಸ್ಕರಿಸಿದರು. ಸಾಮಾನ್ಯ ಓದುಗರಿಗೆ ಅಲ್ಲಿಗೆ ಎಲ್ಲ ಮುಗಿದಂತೆಯೇ ತೋರಿತ್ತು. ಆದರೆ ದಯಾ ಅರ್ಜಿ ಇತ್ಯರ್ಥವಾಗುವ ಮೊದಲೇ ಅವನನ್ನು ಬೆಳಗಾವಿಯ ಜೈಲಿನಲ್ಲಿ ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿಟ್ಟದ್ದು ಕಾನೂನಿಗೆ ವಿರುದ್ಧವೆಂದು ಕಂಡ ಸುಪ್ರೀಂ ಕೋರ್ಟ್, 2022ರ ನವೆಂಬರಿನಲ್ಲಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕನಿಷ್ಠ 30 ವರ್ಷ ಕ್ಷಮಾದಾನವಿಲ್ಲದೆ ಜೈಲಿನಲ್ಲಿರಬೇಕೆಂದು ಹೇಳಿತು. ಕಾನೂನಿನ ದೃಷ್ಟಿಯಿಂದ ಆ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಆ ಹೊತ್ತಿಗೆ ಅಂದಿನ ಹುಡುಗನಿಗೆ ಮೂವತ್ತು ದಾಟಿತ್ತು, ಮತ್ತು ಜೈಲಿನ ಅಧಿಕಾರಿಗಳ ತಪ್ಪಿನ ಫಲವನ್ನು ಉಂಡವರಲ್ಲಿ ಅವನೂ ಒಬ್ಬ.

ಪಾಲಾರ್ ಪ್ರಕರಣವೂ ಇಂಥದ್ದೇ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಬಳಿ ವೀರಪ್ಪನ್ ತಂಡ ಹೂತಿಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಭಯೋತ್ಪಾದನೆ ತಡೆಯ ಕಾಯ್ದೆಯಾಗಿದ್ದ ಟಾಡಾದಡಿ ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ನಾಲ್ವರಿಗೆ ಕೊಟ್ಟದ್ದು ಜೀವಾವಧಿ ಶಿಕ್ಷೆ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ದಯಾ ಅರ್ಜಿ ಒಂಬತ್ತು ವರ್ಷ ಕಾದು ತಿರಸ್ಕೃತವಾಯಿತು. 2014ರ ಜನವರಿಯಲ್ಲಿ, ಬಹುಮಟ್ಟಿಗೆ ಇಂಥ ವಿಳಂಬವೇ ಒಂದು ಕ್ರೌರ್ಯವೆಂಬ ಕಾರಣಕ್ಕೆ ಅದೇ ಸುಪ್ರೀಂ ಕೋರ್ಟ್ ದೇಶದ 15 ಮಂದಿಯ ಗಲ್ಲನ್ನು ರದ್ದುಗೊಳಿಸಿದಾಗ ಈ ನಾಲ್ವರೂ ಅವರಲ್ಲಿದ್ದರು. ಜೀವಾವಧಿಯಿಂದ ಗಲ್ಲು, ಗಲ್ಲಿನಿಂದ ಮತ್ತೆ ಜೀವಾವಧಿ. ಸತ್ತವರ ಮನೆಗಳು ಸುಮಾರು 21 ವರ್ಷ ಸುತ್ತಿ, ಹೊರಟಲ್ಲಿಗೇ ಬಂದು ನಿಂತವು.

ಈ ವಿಳಂಬವನ್ನು ಶಪಿಸಿ ಸುಮ್ಮನಾಗುವಂತೆಯೂ ಇಲ್ಲ. ಶೇ. 30ರಷ್ಟು ಮಂದಿ ಬಿಡುಗಡೆಯಾದರೆಂದು ಮೇಲೆ ಬರೆದೆನಲ್ಲ, ಆ ತಪಾಸಣೆಗಳನ್ನು ತೆಗೆದುಹಾಕಿದ್ದರೆ ಆ ತಪ್ಪುಗಳು ಹೊರಬರುತ್ತಲೇ ಇರಲಿಲ್ಲ. ತಪ್ಪು ಮನುಷ್ಯನನ್ನು ನೇಣಿಗೆ ಹಾಕಿದರೆ ನಿಜವಾದ ಕೊಲೆಗಾರ ಓಣಿಯಲ್ಲೇ ಓಡಾಡಿಕೊಂಡಿರುತ್ತಾನೆ. ಸತ್ತವರ ಮನೆಯವರಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೇನಿದೆ? ಹಿಂದಿರುಗಿಸಲಾಗದ ಶಿಕ್ಷೆಗೆ ಹತ್ತು ಬಾಗಿಲುಗಳಿರಲೇಬೇಕು, ಮತ್ತು ಅಷ್ಟೂ ಬಾಗಿಲುಗಳಲ್ಲಿ ನಿಮ್ಮ ತಾಯಿಯಂಥವರು ಕಾಯಲೇಬೇಕು. ಇದು ಯಾರದೋ ಅಸಡ್ಡೆಯಿಂದ ಬಂದ ತೊಡಕಾಗಿದ್ದರೆ ಸರಿಪಡಿಸಬಹುದಿತ್ತು. ಆ ಶಿಕ್ಷೆಯ ಸ್ವಭಾವದಲ್ಲೇ ಇದು ಇದೆ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗಲ್ಲು ನಿಜವಾಗಿಯೂ ಆದ ಮನೆಗಳಲ್ಲಿ ಏನಾಯಿತು?

ಎಲ್ಲರಿಗೂ ನೆನಪಿರುವುದು ದೆಹಲಿಯ ನಿರ್ಭಯಾ ಪ್ರಕರಣ. 2012ರ ಡಿಸೆಂಬರ್ 16ರ ಕೃತ್ಯಕ್ಕೆ ನಾಲ್ವರು ತಿಹಾರ್ ಜೈಲಿನಲ್ಲಿ ನೇಣಿಗೇರಿದ್ದು 2020ರ ಮಾರ್ಚ್ 20ರ ನಸುಕಿನಲ್ಲಿ. ಏಳು ವರ್ಷ ಮೂರು ತಿಂಗಳು ಎಂಬುದು ನಮ್ಮ ವ್ಯವಸ್ಥೆಯಲ್ಲಿ ಅತಿವೇಗವೇ ಸರಿ. ಆ ವರ್ಷ ಜನವರಿ 22 ಎಂದು ಮೊದಲ ದಿನ ಗೊತ್ತಾಯಿತು, ಆಮೇಲೆ ಫೆಬ್ರವರಿ 1, ಆಮೇಲೆ ಮಾರ್ಚ್ 3. ಮೂರು ಸಲವೂ ದಿನ ಮುಂದೆ ಹೋಯಿತು, ಆ ತಾಯಿ ನ್ಯಾಯಾಲಯದ ಹೊರಗೆ ಕಣ್ಣೀರಿಟ್ಟದ್ದನ್ನು ದೇಶ ನೋಡಿತು. ಕೊನೆಗೆ ಆ ಬೆಳಿಗ್ಗೆ ಮಗಳ ಭಾವಚಿತ್ರವನ್ನು ಅಪ್ಪಿಕೊಂಡು, ನಿನಗೆ ನ್ಯಾಯ ಸಿಕ್ಕಿತೆಂದು ಹೇಳಿದೆ ಎಂದು ಆಕೆ ತಿಳಿಸಿದರು. ಆ ಸಮಾಧಾನ ಸುಳ್ಳೆಂದು ಹೇಳಲು ನಾನು ಯಾರು? ಅದು ನಿಜ, ಮತ್ತು ಅದಕ್ಕಾಗಿ ಆಕೆ ಏಳು ವರ್ಷ ಬಡಿದಾಡಿದ್ದರು. ಆದರೆ ಅಂದೇ ಆಕೆ, ಬೇರೆ ಹೆಣ್ಣುಮಕ್ಕಳಿಗಾಗಿ ತನ್ನ ಹೋರಾಟ ಮುಂದುವರಿಯುತ್ತದೆ ಎಂದೂ ಹೇಳಿದರು, ಮತ್ತು ಇಂಥ ಘಟನೆಗಳು ನಡೆದಾಗ ಈಗಲೂ ಮಾತನಾಡುತ್ತಲೇ ಇದ್ದಾರೆ. ಆ ಬೆಳಿಗ್ಗೆ ಮುಗಿದದ್ದು ಮೊಕದ್ದಮೆ. ಕೋರ್ಟಿನ ಮೆಟ್ಟಿಲು ಹತ್ತಬೇಕಾದ ದಿನಗಳು ಮುಗಿದವು, ದೋಷಿಗಳ ವಕೀಲರ ಮಾತು ಕೇಳಬೇಕಾದ ದಿನಗಳು ಮುಗಿದವು. ಮಗಳನ್ನು ಕಳೆದುಕೊಂಡದ್ದು ಮುಗಿಯುವಂಥದ್ದಾಗಿರಲಿಲ್ಲ.

ಈ ವ್ಯತ್ಯಾಸವನ್ನು ನಮ್ಮ ನುಡಿ ಚೆನ್ನಾಗಿ ಬಲ್ಲದು. ದುಃಖ ಒಂದು ಕೊನೆ ಮುಟ್ಟಿತೆಂಬ ಸಮಾಧಾನವನ್ನು ಇಂಗ್ಲಿಷಿನವರು ‘ಕ್ಲೋಷರ್’ ಎನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಸರಿಯಾದ ಪದವಿಲ್ಲ. ನಮ್ಮ ಕೋರ್ಟುಗಳ ಪಡಸಾಲೆಯಲ್ಲಿ ಆ ಪದ ಕೇಳಿಬರುವುದು ‘ಕ್ಲೋಷರ್ ರಿಪೋರ್ಟ್’ ಎಂದು, ಅಂದರೆ ಸಾಕ್ಷ್ಯ ಸಿಗಲಿಲ್ಲವೆಂದು ಪೊಲೀಸರು ಹಾಕುವ ‘ಬಿ’ ರಿಪೋರ್ಟ್. ನಾವು ಕೇಳುವುದು ಸತ್ತವರ ಆತ್ಮಕ್ಕೆ ಶಾಂತಿಯನ್ನು. ನಿಮ್ಮ ಓಣಿಯವರು ಹೇಳಿದ್ದೂ ಅದನ್ನೇ, ಬದುಕಿರುವ ನಿಮ್ಮ ತಾಯಿಯ ಶಾಂತಿಯ ಮಾತು ಅಲ್ಲಿ ಬರಲೇ ಇಲ್ಲ. ಬದುಕಿರುವವರಿಗಾಗಿ ನಮ್ಮ ಹಿರಿಯರು ಬೇರೆಯೇ ಒಂದು ಲೆಕ್ಕ ಇಟ್ಟಿದ್ದರು: ಮೂರನೆಯ ದಿನ, ಹನ್ನೊಂದನೆಯ ದಿನ, ವರ್ಷದ ತಿಥಿ, ಒಂದೊಂದು ಸಮುದಾಯದಲ್ಲಿ ಒಂದೊಂದು ಬಗೆ. ಇಂತಿಷ್ಟು ದಿನ ಅಳು, ಆಮೇಲೆ ಎದ್ದು ಒಲೆ ಹಚ್ಚು ಎಂಬ ಕಟ್ಟಳೆ ಅದರಲ್ಲಿತ್ತು. ಕೊಲೆಯ ಸಾವಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಮರಣೋತ್ತರ ಪರೀಕ್ಷೆಯ ನಂತರವಷ್ಟೇ ದೇಹ ಮನೆಗೆ ಬರುತ್ತದೆ. ತಿಥಿಯ ನಡುವೆ ಮಹಜರಿನ ಸಹಿಗೆ ಕರೆ ಬರುತ್ತದೆ. ನಾಲ್ಕು ವರ್ಷದ ಮೇಲೆ ಪಾಟೀಸವಾಲಿನಲ್ಲಿ, ಅಂದು ಮಗಳು ಉಟ್ಟದ್ದು ಯಾವ ಬಣ್ಣದ ಬಟ್ಟೆ ಎಂದು ಕೇಳುತ್ತಾರೆ. ಪ್ರತಿ ಸಮನ್ಸಿನೊಂದಿಗೆ ಸೂತಕ ಮತ್ತೆ ಮನೆಯೊಳಗೆ ಬರುತ್ತದೆ. ಗಲ್ಲಿನ ತೀರ್ಪು ಈ ಸೂತಕವನ್ನು ಕಳೆಯುತ್ತದೆ ಎಂದು ಜನ ನಂಬುತ್ತಾರೆ. ಮೇಲೆ ಹೇಳಿದ ದಾರಿಯನ್ನು ನೋಡಿದರೆ, ಉಳಿದ ಎಲ್ಲ ಶಿಕ್ಷೆಗಳಿಗಿಂತ ಅದನ್ನು ಹೆಚ್ಚು ಕಾಲ ಉಳಿಸುವುದು ಗಲ್ಲಿನ ತೀರ್ಪೇ.

ಹೊರದೇಶದ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಅಮೆರಿಕದಲ್ಲಿ ಮ್ಯಾರಿಲಿನ್ ಆರ್ಮರ್ ಮತ್ತು ಮಾರ್ಕ್ ಅಂಬ್ರೈಟ್ ಎಂಬ ಇಬ್ಬರು ವಿದ್ವಾಂಸರು, ಮರಣದಂಡನೆ ಇರುವ ಟೆಕ್ಸಾಸ್ ಮತ್ತು ಅದನ್ನು 1911ರಲ್ಲೇ ಕೈಬಿಟ್ಟ ಮಿನೆಸೋಟ ರಾಜ್ಯಗಳಲ್ಲಿ ಕೊಲೆಯಾದವರ ಮನೆಯವರನ್ನು ಕಂಡು ಮಾತನಾಡಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಮರಣ ಸೆರೆಮನೆಯ ಶಿಕ್ಷೆಯಿದ್ದ ಮಿನೆಸೋಟದವರ ದೇಹ ಮನಸ್ಸುಗಳ ಆರೋಗ್ಯವೇ ಉತ್ತಮವಾಗಿತ್ತು. ಅಲ್ಲಿ ಮೇಲ್ಮನವಿ ಬೇಗ ಮುಗಿದು, ಮನೆಯವರು ತಮ್ಮ ಪಾಡಿಗೆ ತಾವು ದುಃಖಿಸಲು ಬಿಡುವಾಯಿತು ಎಂಬುದು ಅವರು ಕಂಡ ಕಾರಣಗಳಲ್ಲೊಂದು. ಮಾತನಾಡಿಸಿದ್ದು ರಾಜ್ಯಕ್ಕೆ ಇಪ್ಪತ್ತು ಮಂದಿಯನ್ನಷ್ಟೇ ಆದ್ದರಿಂದ ಇದನ್ನು ಕೊನೆಯ ಮಾತೆಂದು ತೆಗೆದುಕೊಳ್ಳಬಾರದು. ಬಾಸ್ಟನ್ನಿನ ಉದಾಹರಣೆ ನನಗೆ ಇದಕ್ಕಿಂತ ಹೆಚ್ಚು ಮುಖ್ಯವೆನಿಸುತ್ತದೆ. 2013ರ ಮ್ಯಾರಥಾನ್ ಸ್ಫೋಟದಲ್ಲಿ ಎಂಟು ವರ್ಷದ ಮಗನನ್ನು ಕಳೆದುಕೊಂಡ ದಂಪತಿ, 2015ರಲ್ಲಿ ಪತ್ರಿಕೆಗೆ ಬರೆದು, ಮರಣದಂಡನೆ ಕೇಳಬೇಡಿ, ಕೇಳಿದರೆ ವರ್ಷಗಟ್ಟಲೆ ಮೇಲ್ಮನವಿ ನಡೆದು ನಾವು ಆ ದಿನವನ್ನೇ ಮತ್ತೆ ಮತ್ತೆ ಬದುಕಬೇಕಾಗುತ್ತದೆ ಎಂದು ಸರ್ಕಾರಿ ವಕೀಲರನ್ನು ಬೇಡಿಕೊಂಡರು. ಅವರು ಕೇಳಲಿಲ್ಲ. 2015ರಲ್ಲಿ ಮರಣದಂಡನೆಯಾಯಿತು, 2020ರಲ್ಲಿ ರದ್ದಾಯಿತು, 2022ರಲ್ಲಿ ಮರಳಿ ಬಂತು, 2024ರಲ್ಲಿ ಜ್ಯೂರಿ ಸದಸ್ಯರ ಪಕ್ಷಪಾತದ ಬಗ್ಗೆ ವಿಚಾರಣೆಯಾಗಬೇಕೆಂಬ ಆದೇಶ ಹೊರಟಿತು. ಆ ತಂದೆತಾಯಿ ಹೆದರಿದ್ದು ಅಕ್ಷರಶಃ ನಡೆಯಿತು.

ಹಾಗೆಂದು ‘ಸತ್ತವರ ಮನೆಯವರು ಗಲ್ಲು ಬಯಸುವುದಿಲ್ಲ’ ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. 2001ರ ಸಂಸತ್ ದಾಳಿಯಲ್ಲಿ ಮಡಿದ ಭದ್ರತಾ ಸಿಬ್ಬಂದಿಯ ಮನೆಯವರು, ಅಫ್ಜಲ್ ಗುರುವಿನ ಗಲ್ಲು ತಡವಾಗುತ್ತಿದೆಯೆಂದು 2006ರಲ್ಲಿ ಶೌರ್ಯಪದಕಗಳನ್ನೇ ಹಿಂದಿರುಗಿಸಿದ್ದರು. ರಾಜೀವ್ ಗಾಂಧಿ ಹತ್ಯೆಯ ಪ್ರಕರಣದಲ್ಲಿ ಅವರ ಪತ್ನಿ ಒಬ್ಬ ಅಪರಾಧಿಗೆ ಗಲ್ಲು ಬೇಡವೆಂದರು, ಮಗಳು 2008ರಲ್ಲಿ ವೆಲ್ಲೂರು ಜೈಲಿಗೆ ಹೋಗಿ ಆಕೆಯನ್ನು ಕಂಡು ಬಂದರು, ಮಗ ತಾನು ಕ್ಷಮಿಸಿದ್ದೇನೆ ಎಂದರು; ಆದರೆ ಅದೇ ಸ್ಫೋಟದಲ್ಲಿ ಸತ್ತ ಬೇರೆಯವರ ಮನೆಗಳಲ್ಲಿ ಕೆಲವರು ಅಪರಾಧಿಗಳ ಬಿಡುಗಡೆಯನ್ನು ವಿರೋಧಿಸಿದರು. ಒಂದೇ ಬಾಂಬು, ಬೇರೆ ಬೇರೆ ಮನೆ, ಬೇರೆ ಬೇರೆ ಮನಸ್ಸು. ಕೊಂದವನೂ ಸತ್ತವರೂ ಒಂದೇ ಮನೆಯವರಾದಾಗ ಇದು ಇನ್ನೂ ಜಟಿಲ. 2017ರಲ್ಲಿ ಬಳ್ಳಾರಿ ಸೀಮೆಯಲ್ಲಿ ಒಬ್ಬಾತ ಹೆಂಡತಿ, ನಾದಿನಿ ಮತ್ತು ಮೂವರು ಮಕ್ಕಳನ್ನು ಕೊಂದ. 2023ರಲ್ಲಿ ಧಾರವಾಡ ಪೀಠ ಅವನ ಗಲ್ಲನ್ನು ಸ್ಥಿರಗೊಳಿಸಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಾಯುವವರೆಗಿನ ಸೆರೆಗೆ ಇಳಿಸಿತು. ಅಂಥ ಮನೆಯಲ್ಲಿ ಸಂತ್ರಸ್ತರ ಕುಟುಂಬ ಯಾವುದು, ಅಪರಾಧಿಯ ಕುಟುಂಬ ಯಾವುದು?

ಇಷ್ಟು ವರ್ಷದಲ್ಲಿ ನಾನು ಕಂಡಂತೆ, ಮನೆಯವರು ಗಲ್ಲು ಎನ್ನುವಾಗ ಅದರೊಳಗೆ ಬೇರೆ ಬೇರೆ ಬೇಡಿಕೆಗಳಿರುತ್ತವೆ. ಕೆಲವರಿಗೆ ಬೇಕಾದದ್ದು ಪೂರ್ತಿ ಸತ್ಯ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ 2024ರ ಆಗಸ್ಟಿನಲ್ಲಿ ಕೊಲೆಯಾದ ವೈದ್ಯೆಯ ಪ್ರಕರಣದಲ್ಲಿ, ಜೀವಾವಧಿ ಸಾಲದು, ಗಲ್ಲು ಬೇಕೆಂದು ಹೈಕೋರ್ಟಿಗೆ ಹೋದದ್ದು ರಾಜ್ಯ ಸರ್ಕಾರ. ಮಗಳ ಜೀವ ಹೋಯಿತೆಂದು ಅವನ ಜೀವವೂ ಹೋಗಬೇಕೆಂದಿಲ್ಲ ಎಂಬ ಅರ್ಥದ ಮಾತನ್ನು ಅಲ್ಲಿ ಹೇಳಿದ್ದು ತಂದೆತಾಯಿಯ ವಕೀಲರು. ಕೃತ್ಯದಲ್ಲಿ ಇನ್ನೂ ಯಾರಿದ್ದರು ಎಂಬುದು ಅವರ ಪ್ರಶ್ನೆಯಾಗಿತ್ತು. ಇನ್ನು ಕೆಲವರಿಗೆ ಬೇಕಾದದ್ದು ಶಿಕ್ಷೆ ಸಡಿಲವಾಗದೆಂಬ ಖಾತರಿ. 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರಕ್ಕೊಳಗಾಗಿ, ಮನೆಯವರನ್ನೂ ಕಳೆದುಕೊಂಡ ಬಿಲ್ಕಿಸ್ ಬಾನು 2017ರಲ್ಲೇ ತನಗೆ ನ್ಯಾಯ ಬೇಕು, ಸೇಡು ಬೇಡ ಎಂದವರು. ಜೀವಾವಧಿ ಶಿಕ್ಷೆಯಾಗಿದ್ದ 11 ಮಂದಿಯನ್ನು 2022ರ ಆಗಸ್ಟ್ 15ರಂದು ಅವಧಿಗೆ ಮೊದಲೇ ಬಿಟ್ಟಾಗ ಅವರು ಕುಸಿದರು, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದುಮಾಡಿದಾಗ ಮತ್ತೆ ಉಸಿರಾಡುವಂತಾಯಿತು ಎಂದರು. ನಮ್ಮ ಕಡೆ ಜನ ‘ಜೀವಾವಧಿ ಅಂದ್ರ ಹದಿನಾಲ್ಕು ವರ್ಷಕ್ಕ ಹೊರಗ ಬರ್ತಾನ’ ಎಂದು ಹೆದರಿಯೇ ಗಲ್ಲು ಕೇಳುತ್ತಾರೆ. ಆ ಹೆದರಿಕೆ ನ್ಯಾಯವಾದದ್ದು. ಆದರೆ ಈಗ ನ್ಯಾಯಾಲಯಗಳು ಕೊಡುತ್ತಿರುವ ‘30 ವರ್ಷ ಕ್ಷಮಾದಾನವಿಲ್ಲದೆ’, ‘ಉಸಿರಿರುವವರೆಗೆ’ ಎಂಬ ಶಿಕ್ಷೆಗಳು ಅದಕ್ಕೆ ಒಂದು ಮಟ್ಟಿನ ಉತ್ತರವಾಗಿವೆ.

ಇನ್ನೂ ಒಂದು ಬೇಡಿಕೆ, ನಮ್ಮನ್ನು ಯಾರಾದರೂ ಕೇಳಲಿ ಎಂಬುದು. ಕಾನೂನಿನಲ್ಲಿ ಇದಕ್ಕೆ ಸಿಕ್ಕಿರುವ ಜಾಗ ಚಿಕ್ಕದು. ಆರೋಪಿ ಬಿಡುಗಡೆಯಾದರೆ, ಕಡಿಮೆ ದರ್ಜೆಯ ಅಪರಾಧಕ್ಕಷ್ಟೇ ದೋಷಿಯಾದರೆ, ಅಥವಾ ಪರಿಹಾರ ಸಾಲದಿದ್ದರೆ ನೀವು ಮೇಲ್ಮನವಿ ಹಾಕಬಹುದು. ಶಿಕ್ಷೆ ಕಡಿಮೆಯಾಯಿತೆಂದು ಹಾಕುವಂತಿಲ್ಲ. ನಮ್ಮದೇ ರಾಜ್ಯದಿಂದ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ಅಪರಾಧದಿಂದ ತಮಗಾದದ್ದೇನು ಎಂಬುದನ್ನು ಸಂತ್ರಸ್ತರೇ ನ್ಯಾಯಾಲಯಕ್ಕೆ ಹೇಳಿಕೊಳ್ಳುವ ವ್ಯವಸ್ಥೆಯ ಬಗ್ಗೆ ಗಂಭೀರವಾಗಿ ಯೋಚಿಸುವ ಕಾಲ ಬಂದಿದೆ ಎಂದಿತು. ಪರಿಹಾರದ ವಿಷಯದಲ್ಲಿ ಹೇಳುವುದಾದರೆ, ಕರ್ನಾಟಕದಲ್ಲಿ ಸಂತ್ರಸ್ತರ ಪರಿಹಾರ ಯೋಜನೆಯಿದೆ. ಮಹಿಳೆಯ ಜೀವಹಾನಿಗೆ 5ರಿಂದ 10 ಲಕ್ಷ ರೂಪಾಯಿವರೆಗೆ ಎಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಯೋಜನೆ ಹೇಳುತ್ತದೆ. ಇದಕ್ಕೆ ಗಲ್ಲಾಗುವವರೆಗೆ ಕಾಯಬೇಕಿಲ್ಲ. ಈವರೆಗೆ ಅರ್ಜಿ ಹಾಕಿಲ್ಲವಾದರೆ ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಈ ವಾರವೇ ಹೋಗಿ ಬನ್ನಿ. ಆ ಹಣವನ್ನು ಮುಟ್ಟುವುದು ಮಗಳ ಜೀವಕ್ಕೆ ಬೆಲೆ ಕಟ್ಟಿದಂತೆ ಎಂದು ತಾಯಿಯವರಿಗೆ ಅನಿಸಿದರೆ ಒತ್ತಾಯಿಸಬೇಡಿ, ಆದರೆ ಅದು ಅವರ ಹಕ್ಕು ಎಂಬುದನ್ನು ತಿಳಿಸಿಡಿ.

ತಾಯಿಯವರ ಮೌನದ ಬಗ್ಗೆ ನಾನು ವೈದ್ಯನಂತೆ ಮಾತನಾಡಲಾರೆ. ಆದರೆ ಆರು ತಿಂಗಳು ಕಳೆದ ಮೇಲೂ ದಿನದ ಕೆಲಸ ಸಾಗದಷ್ಟು ಗಟ್ಟಿಯಾಗಿ ನಿಂತುಬಿಡುವ ದುಃಖವನ್ನು ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಿದೆ, ಮತ್ತು ಕೊಲೆಯಿಂದ ಮಕ್ಕಳನ್ನು ಕಳೆದುಕೊಂಡವರಲ್ಲಿ ಅದರ ಸಾಧ್ಯತೆ ಹೆಚ್ಚು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಮೊದಲ ಕರೆಯನ್ನು ನೀವೇ ಮಾಡಿ.

ಅವರು ಮತ್ತೆ ‘ಯಾವತ್ತ’ ಎಂದು ಕೇಳಿದಾಗ ‘ಲಗೂನ ಆಕ್ಕೈತಿ’ ಎಂದು ಮಾತ್ರ ಹೇಳಬೇಡಿ. ಇದು ಹೈಕೋರ್ಟಿಗೆ ಹೋಗುತ್ತದೆ, ಅಲ್ಲಿ ಶಿಕ್ಷೆ ಉಳಿಯಬಹುದು, ಇಳಿಯಲೂಬಹುದು, ಇಳಿದರೂ ಅವನು ಮಾಡಿದ್ದು ಸುಳ್ಳಾಗುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ನಾಳೆ ಶಿಕ್ಷೆ ಜೀವಾವಧಿಗೆ ಇಳಿದ ಸುದ್ದಿಯನ್ನು ಅವರು ಟಿ.ವಿ.ಯಲ್ಲಿ ನೋಡಿ ತಿಳಿಯುವುದಕ್ಕಿಂತ, ಹಾಗಾಗಬಹುದೆಂದು ಇಂದು ನಿಮ್ಮ ಬಾಯಿಂದ ಕೇಳುವುದು ಒಳ್ಳೆಯದು. ಪತ್ರಕರ್ತರ ಕರೆಗಳು ಅವರ ಫೋನಿಗೆ ಬರದಂತೆ ನೋಡಿಕೊಳ್ಳಿ. ಧಾರವಾಡ ಪೀಠದಲ್ಲಿ ಪ್ರಕರಣಕ್ಕೆ ಸಂಖ್ಯೆ ಬಿದ್ದ ಮೇಲೆ, ಸರ್ಕಾರಿ ಅಭಿಯೋಜಕರ ಕಚೇರಿಗೆ ಹೋಗಿ ನಿಮ್ಮ ಹೆಸರು, ಫೋನ್ ಸಂಖ್ಯೆ ಕೊಟ್ಟು, ವಿಚಾರಣೆಯ ದಿನವನ್ನು ತಿಳಿಸುವಂತೆ ಲಿಖಿತವಾಗಿ ಕೇಳಿ. ಆ ದಿನ ನೀವು ಹೋಗಿ. ತಾಯಿಯವರು ಬರುವುದು ಬಿಡುವುದು ಅವರ ಇಷ್ಟಕ್ಕೆ ಬಿಡಿ.